ಬೀಳುವುದನ್ನು ಕಲಿಸುವ ಕೆಲಸ

ತಮಿಳುನಾಡಿಗೆ ಸೇರಿದ ನಮ್ಮ ತಾಳವಾಡಿಯ ಶಾಲೆಯ ಹಿಂದಿನ ಮೈದಾನದಲ್ಲಿ ಬೆಳಿಗ್ಗೆ ಆರಕ್ಕೆ ಹನ್ನೆರಡು ಹದಿಮೂರು ಹುಡುಗರು ಓಡುತ್ತಾರೆ. ಎಲ್ಲರಿಗೂ ಸೇನೆಗೆ ಸೇರುವ ಆಸೆ. ನಿವೃತ್ತನಾಗಿ ಬಂದ ಮೇಲೆ ಮನೆಯಲ್ಲಿ ಸುಮ್ಮನೆ ಕೂರಲಾಗದೆ ನಾನೂ ಅಲ್ಲಿಗೆ ಹೋಗಿ ನಿಲ್ಲತೊಡಗಿದೆ. ಮೊದಲ ದಿನವೇ ನನ್ನನ್ನು ಸುತ್ತುವರಿದು ಕೇಳಿದರು: ಎಷ್ಟು ನಿಮಿಷದಲ್ಲಿ ಓಡಿ ಮುಗಿಸಬೇಕು, ಎದೆ ಎಷ್ಟು ಉಬ್ಬಬೇಕು, ಭರ್ತಿ ಯಾವ ತಿಂಗಳು. ಸೇರುವುದು ಹೇಗೆಂದು ಎಲ್ಲರೂ ಕೇಳಿದರು, ಸೇರಿದ ಮೇಲೆ ಬದುಕಿ ಬರುವುದು ಹೇಗೆಂದು ಒಬ್ಬನೂ ಕೇಳಲಿಲ್ಲ. ಆ ವಯಸ್ಸಿನಲ್ಲಿ ನಾನೂ ಕೇಳಿರಲಿಲ್ಲ, ಆದ್ದರಿಂದ ಅವರನ್ನು ಬೈಯುವ ಹಕ್ಕು ನನಗಿಲ್ಲ. ಆದರೂ ಬೈದೆ.

ಈ ಬರಹ ಅವರಿಗಾಗಿ, ಅವರಿಗಿಂತ ಹೆಚ್ಚಾಗಿ ಅವರನ್ನು ಹೆತ್ತವರಿಗಾಗಿ. ನನ್ನ ಪದಕ, ಬಡ್ತಿಗಳೆಲ್ಲ ಗೋಡೆಯ ಮೇಲಿನ ಫೋಟೋಗಳಲ್ಲಿವೆ, ಮನೆಗೆ ಬಂದವರು ನೋಡಿಕೊಳ್ಳಲಿ. ಸೇವೆಯ ಕೊನೆಯ ಏಳು ವರ್ಷ ನಾನು ಉತ್ತರದ ಒಂದು ತರಬೇತಿ ಕೇಂದ್ರದಲ್ಲಿ ಉಸ್ತಾದನಾಗಿದ್ದೆ. ಉಸ್ತಾದ ಎಂದರೆ ಹೊಸದಾಗಿ ಸೇರಿದ ಹುಡುಗರಿಗೆ ಕಲಿಸುವವನು. ಹೆಜ್ಜೆ ಹಾಕುವುದು, ಗುಂಡು ಹಾರಿಸುವುದು, ಬೂಟು ಹೊಳೆಸುವುದು ಎಲ್ಲವನ್ನೂ ಕಲಿಸುತ್ತೇವೆ. ಆದರೆ ನನ್ನನ್ನು ಕೇಳಿದರೆ ಉಸ್ತಾದನ ನಿಜವಾದ ಕೆಲಸ ಒಂದೇ, ಸಿಡಿದ ಸದ್ದು ಕೇಳಿದೊಡನೆ ನೆಲಕ್ಕೆ ಬೀಳುವುದನ್ನು ಕಲಿಸುವುದು. ಸಿಡಿದ ಚೂರುಗಳು ಮಲಗಿದವನ ಮೇಲಿಂದ ಹಾರಿಹೋಗುತ್ತವೆ, ನಿಂತವನಿಗೆ ತಾಗುತ್ತವೆ. ಯೋಚಿಸಿ ಬೀಳುವುದಲ್ಲ, ಯೋಚನೆ ಬರುವಷ್ಟರಲ್ಲಿ ಮೈ ಬಿದ್ದಿರಬೇಕು.

ಬೀಳುವುದಕ್ಕೂ ಕಲಿಯಬೇಕೇ ಎಂದು ನೀವು ನಗಬಹುದು. ಬಯಲುಸೀಮೆಯ ಹುಡುಗರು ಬೇಗ ಕಲಿಯುತ್ತಾರೆ. ನಮ್ಮ ಬೆಟ್ಟದವರಿಗೆ ಅದು ಬಲು ಕಷ್ಟ, ಯಾಕೆಂದು ಹೇಳುತ್ತೇನೆ.

ನನ್ನೂರು ತಿಗನಾರೆ. ಎಂಟು ವರ್ಷದವನಿದ್ದಾಗ ಒಂದು ಬೆಳಿಗ್ಗೆ ಅಪ್ಪನ ಜೊತೆ ಹೊಲಕ್ಕೆ ಹೋಗುತ್ತಿದ್ದೆ. ರಾಗಿ ಮೇದು ಕಾಡಿಗೆ ಮರಳುತ್ತಿದ್ದ ಒಂಟಿ ಆನೆ ಬೇಲಿಯ ಪಕ್ಕ ನಿಂತಿತ್ತು. ಆಚೆ ಹೊಲದವರು ಅದನ್ನು ಓಡಿಸಲು ಪಟಾಕಿ ಎಸೆದರು. ಸದ್ದಿಗೆ ಆನೆ ನಮ್ಮ ಕಡೆಗೇ ತಿರುಗಿತು. ನಾನು ಓಡುವಾಗ ಎಡವಿ ಬಿದ್ದೆ. ಅಪ್ಪ ಕೂದಲು ಹಿಡಿದು ಎತ್ತಿ, ಅಡ್ಡಡ್ಡಕ್ಕೆ ಎಳೆದುಕೊಂಡು ಓಡಿ, ಹಳ್ಳ ದಾಟಿಸಿದ. ಆನೆ ಹೋದ ಮೇಲೆ ನನಗೆ ಚೆನ್ನಾಗಿ ಬಿತ್ತು.

"ಆನ ಮುಂದ ಬಿದ್ದಿಯಲ್ಲಾ ಬಡ್ಡೀಮಗನೆ! ಸದ್ದು ಕೇಳ್ತು ಅಂದ್ರ ಓಡು ಕಣ್ಲಾ. ಅಡ್ಡಕ್ಕ ಓಡು. ಬಿದ್ರ ಮುಗೀತು."

ಇದು ನನ್ನೊಬ್ಬನ ಪಾಠವಲ್ಲ. ಈ ಬೆಟ್ಟದ ಪ್ರತಿ ಮಗುವೂ ಅಕ್ಷರಕ್ಕಿಂತ ಮುಂಚೆ ಕಲಿಯುವುದು ಇದನ್ನೇ. ಢಂ ಎಂದರೆ ಯಾರೋ ಪಟಾಕಿ ಹೊಡೆದಿದ್ದಾರೆ, ಆನೆ ಹತ್ತಿರದಲ್ಲಿದೆ, ಓಡಬೇಕು. ತಲೆಯನ್ನು ಕೇಳದೆ ಕಾಲೇ ಹೊರಡುತ್ತದೆ.

ಅಂಥ ಕಾಲನ್ನು ಇಟ್ಟುಕೊಂಡು ನಾನು ಸೇನೆಗೆ ಸೇರಿದೆ. ನನಗೆ ಕಲಿಸಿದ ಉಸ್ತಾದರು ಹಿಮಾಲಯದ ಕಡೆಯವರು, ಕುಳ್ಳ ಆಳು, ಮಾತು ಕಡಿಮೆ. ಅವರ ಬಳಿ ಒಂದು ಖಾಲಿ ಎಣ್ಣೆ ಡಬ್ಬ ಮತ್ತು ಒಂದು ಕೋಲಿತ್ತು. ನಾವು ಸ್ನಾನ ಮಾಡುವಾಗ, ಬಟ್ಟೆ ಒಣಹಾಕುವಾಗ, ಮನೆಗೆ ಕಾಗದ ಬರೆಯುವಾಗ, ಹೊತ್ತು ಗೊತ್ತಿಲ್ಲದೆ ಹಿಂದಿನಿಂದ ಬಂದು ಡಬ್ಬ ಬಡಿಯುತ್ತಿದ್ದರು. ಎಲ್ಲರೂ ಬೀಳಬೇಕು. ಎಲ್ಲರೂ ಬೀಳುತ್ತಿದ್ದರು, ನಾನು ಮಾತ್ರ ಮೂರು ಹೆಜ್ಜೆ ಅಡ್ಡಕ್ಕೆ ಓಡಿ ಆಮೇಲೆ ಬೀಳುತ್ತಿದ್ದೆ. ಪ್ಲಟೂನಿನವರು ನನಗೆ ಜಿಂಕೆ ಎಂದು ಹೆಸರಿಟ್ಟರು. ಉಸ್ತಾದರು ನಗಲಿಲ್ಲ, ಬೈಯಲೂ ಇಲ್ಲ. ಪ್ರತಿ ಸಲ ಅಷ್ಟೇ ತಾಳ್ಮೆಯಿಂದ "ಇನ್ನೊಮ್ಮೆ" ಎನ್ನುತ್ತಿದ್ದರು.

ಎಂಟನೆಯ ತಿಂಗಳಲ್ಲಿ ಒಂದು ಮಧ್ಯಾಹ್ನ ತಟ್ಟೆಯಲ್ಲಿ ರೊಟ್ಟಿ, ಬೇಳೆ ಹಾಕಿಸಿಕೊಂಡು ಬರುತ್ತಿದ್ದೆ. ಡಬ್ಬದ ಸದ್ದಾಯಿತು. ಏನಾಯಿತೆಂದು ತಿಳಿಯುವಾಗ ನಾನು ನೆಲದ ಮೇಲಿದ್ದೆ, ಮುಖವೆಲ್ಲ ಬೇಳೆ. ಸುಡುತ್ತಿತ್ತು, ಆದರೂ ಏಳಲಿಲ್ಲ. ಉಸ್ತಾದರು ಬಂದು ನನ್ನ ಪಕ್ಕ ಕುಕ್ಕರುಗಾಲಿನಲ್ಲಿ ಕೂತರು. "ಇವತ್ತು ನಿಮ್ಮ ತಾಯಿಗೆ ಕಾಗದ ಬರಿ. ಮಗ ಸಿಪಾಯಿಯಾದ ಅಂತ ಬರಿ" ಎಂದರು. ನಾನು ಬರೆದೆ. ಬೇಳೆಯ ವಿಷಯ ಮಾತ್ರ ಬರೆಯಲಿಲ್ಲ.

ಎಂಟನೆಯ ತಿಂಗಳು ಎಂಬುದನ್ನು ನೆನಪಿಟ್ಟುಕೊಳ್ಳಿ.

ನಾನೇ ಉಸ್ತಾದನಾಗಿ ಹೋಗುವಷ್ಟರಲ್ಲಿ ಬಹಳ ಬದಲಾಗಿತ್ತು. ಎಲ್ಲ ಕೆಟ್ಟದ್ದಾಗಿತ್ತು ಎನ್ನುವ ಮುದುಕ ನಾನಲ್ಲ. ಹುಡುಗರು ಓದಿದವರು, ಒಂದು ಸಲ ಹೇಳಿದರೆ ತಿಳಿಯುತ್ತಿತ್ತು. ನಮ್ಮ ಕಾಲದ ಹಾಗೆ ಬಾಸುಂಡೆ ಬರುವಂತೆ ಹೊಡೆಯುವುದು ನಿಂತಿತ್ತು, ಒಳ್ಳೆಯದೇ ಆಯಿತು. ಗುಂಡು ಹಾರಿಸುವುದನ್ನು ಮೊದಲು ಪರದೆಯ ಮೇಲೆ ಕಲಿಸುವ ಯಂತ್ರ ಬಂದಿತ್ತು, ನಮಗಿಂತ ಅವರ ಗುರಿ ವಾಸಿ. ಆದರೆ ಕೆಲವು ವರ್ಷಗಳಲ್ಲಿ ತರಬೇತಿಯ ಕಾಲ ಆರು ತಿಂಗಳಿಗೆ ಇಳಿಯಿತು. ಕಲಿಸಬೇಕಾದ್ದು ಇಳಿಯಲಿಲ್ಲ. ಎಲ್ಲದಕ್ಕೂ ಗಂಟೆ ಗೊತ್ತುಮಾಡಿದ ಪಟ್ಟಿ ಬಂತು. ಬೀಳುವ ಪಾಠ ಮಂಗಳವಾರ ಮತ್ತು ಶುಕ್ರವಾರ, ಹತ್ತರಿಂದ ಹನ್ನೊಂದು. ಸದ್ದು ಬರುವ ಹೊತ್ತು ಮೊದಲೇ ಗೊತ್ತಿದ್ದರೆ ಯಾರು ತಾನೆ ಬೀಳುವುದಿಲ್ಲ? ಮದುವೆ ಮನೆಯ ಪಂಕ್ತಿಯಂತೆ ಸಾಲಾಗಿ, ಅಚ್ಚುಕಟ್ಟಾಗಿ ಬೀಳುತ್ತಿದ್ದರು. ನಾನು ನನ್ನ ಉಸ್ತಾದರನ್ನು ನೆನೆದು ಒಂದು ಡಬ್ಬ ಇಟ್ಟುಕೊಂಡೆ. ಮೇಲಿನವರಾಗಿದ್ದ ಸುಬೇದಾರ್ ಸಾಹೇಬರು ಕರೆದು, "ಇದು ಪಟ್ಟಿಯಲ್ಲಿ ಇಲ್ಲ ಬಸಪ್ಪ" ಎಂದರು. ಡಬ್ಬವನ್ನು ಮಂಚದ ಕೆಳಗೆ ತಳ್ಳಿದೆ. ಇನ್ನೊಮ್ಮೆ ಕೇಳಿಕೊಳ್ಳಬಹುದಿತ್ತು, ಕೇಳಿಕೊಳ್ಳಲಿಲ್ಲ.

ಹೀಗಿರುವಾಗ ನನ್ನ ಪ್ಲಟೂನಿಗೆ ಮಾದೇಶ ಬಂದ, ನಮ್ಮ ಸುತ್ತಿನದೇ ಗೆಟ್ಟವಾಡಿಯ ಹುಡುಗ. ಅವನ ಅಪ್ಪ ದಿನಾ ಚಾಮರಾಜನಗರಕ್ಕೆ ಗಿರಣಿ ಕೆಲಸಕ್ಕೆ ಹೋಗಿಬರುವವನು, ಅವ್ವ ದುಂಡಮ್ಮ ಹೊಲ ನೋಡಿಕೊಳ್ಳುವವಳು. ಅಷ್ಟು ದೂರದಲ್ಲಿ ನಮ್ಮ ಮಾತು ಕೇಳಿ ನನ್ನ ಎದೆ ತುಂಬಿಬಂತು. ಎಲ್ಲರೆದುರು ಅವನು ನನ್ನನ್ನು ಉಸ್ತಾದ್ ಎನ್ನುತ್ತಿದ್ದ, ಯಾರೂ ಇಲ್ಲದಾಗ ದೊಡ್ಡಪ್ಪ ಎನ್ನುತ್ತಿದ್ದ. ಓಟದಲ್ಲಿ ಅವನೇ ಮೊದಲು, ಗುರಿಯಲ್ಲಿ ಮೊದಲ ಐವರಲ್ಲಿ ಒಬ್ಬ.

ಒಂದು ದಿನ ದೊಡ್ಡ ಅಧಿಕಾರಿಯೊಬ್ಬರು ತಪಾಸಣೆಗೆ ಬಂದರು. ಗಾಬರಿಯಲ್ಲಿ ನನಗೆ ಹಿಂದಿಯೇ ಮರೆತುಹೋಗಿ, "ಬಿದ್ಕಳ್ರಲಾ!" ಎಂದು ಕೂಗಿಬಿಟ್ಟೆ. ನಾನಾ ರಾಜ್ಯದ ಹುಡುಗರೆಲ್ಲ ನೆಟ್ಟ ಕಂಬದಂತೆ ನಿಂತರು. ಒಬ್ಬನೇ ಬಿದ್ದ, ಮಾದೇಶ. ಅಧಿಕಾರಿಯೂ ನಕ್ಕರು, ನಾನೂ ನಕ್ಕೆ. ಅದೇ ವಾರ ಅಡುಗೆಮನೆಯ ಹಿಂದೆ ಯಾರೋ ದೊಡ್ಡ ಕಡಾಯಿಯನ್ನು ಕಲ್ಲಿನ ಮೇಲೆ ಕೆಡವಿದರು. ಹತ್ತಿರವಿದ್ದ ಹುಡುಗರಲ್ಲಿ ಕೆಲವರು ಬಿದ್ದರು, ಕೆಲವರು ಬಗ್ಗಿದರು. ಮಾದೇಶ ಕೈಯಲ್ಲಿದ್ದ ಬಕೀಟು ಬಿಟ್ಟು ಮೂರು ಹೆಜ್ಜೆ ಅಡ್ಡಕ್ಕೆ ಓಡಿದ. ಆ ಮೂರು ಹೆಜ್ಜೆ ನೋಡಿ ನನಗೆ ನಗು ಬರಲಿಲ್ಲ. ಮಾತಿನ ಆಜ್ಞೆ ತಲೆಗೆ ತಿಳಿದು ಅವನು ಬೀಳುತ್ತಿದ್ದ, ಸದ್ದಿಗೆ ಅವನ ಕಾಲು ಇನ್ನೂ ಗೆಟ್ಟವಾಡಿಯಲ್ಲೇ ಇತ್ತು.

ನಾಲ್ಕನೆಯ ತಿಂಗಳಲ್ಲಿ ನಾನು ರಜೆಯ ಮೇಲೆ ಊರಿಗೆ ಬಂದೆ. ಮಾರನೆಯ ದಿನವೇ ದುಂಡಮ್ಮ ಒಂದು ಚೀಲ ಅವರೆಕಾಯಿ ಹಿಡಿದುಕೊಂಡು ಬಸ್ಸಿನಲ್ಲಿ ತಿಗನಾರೆಗೆ ಬಂದಳು. ಕಾಫಿ ಕೊಟ್ಟರೆ ಕುಡಿಯಲಿಲ್ಲ. ಜಗುಲಿಯ ತುದಿಯಲ್ಲಿ ಕೂತು ನೇರವಾಗಿ ಕೇಳಿದಳು.

"ಅಣ್ಣ, ಆರ್ ತಿಂಗ್ಳು ಸಾಕಾ?"

"ಯಾತಕ್ಕವ್ವ?"

"ನನ್ ಮಗನ ತಯಾರ್ ಮಾಡಕ. ಒಂದು ಓರಿಕರನ ನೇಗ್ಲಿಗ ಪಳಗಿಸ್ಬೇಕಂದ್ರ ಎರಡು ಬ್ಯಾಸಾಯ ಬೇಕು. ಇವನ ಆರ್ ತಿಂಗ್ಳಲ್ಲಿ ಪಳಗ್ಸಿ ಗುಂಡಿನ್ ಮುಂದಕ್ಕ ಕಳಿಸ್ತೀರ ಅಂತಾರಲ್ಲ, ನಿಜ್ವಾ?"

ನಾನು ತಮಾಷೆ ಮಾಡಿದೆ. "ಓರಿಗ ಬುದ್ಧಿ ಇಲ್ಲ ಕವ್ವ, ನಿನ್ ಮಗನ್ಗ ಅದ."

"ಬುದ್ಧಿ ಇರೋದು ತಲೇಲಿ ಕಣಣ್ಣ. ಕಾಲಲ್ಲಿ ಇಲ್ಲ."

ಈ ಮಾತಿಗೆ ನಾನು ಅಲ್ಲೇ ನಿಲ್ಲಬೇಕಿತ್ತು. ಏಳು ವರ್ಷದಲ್ಲಿ ಯಾವ ಅಧಿಕಾರಿಯೂ ಹೇಳದ ಮಾತನ್ನು ಅವಳು ಹೇಳಿದ್ದಳು. ಮೂರು ಹೆಜ್ಜೆಯ ವಿಷಯ ನನ್ನ ನಾಲಿಗೆಯ ತುದಿಯವರೆಗೆ ಬಂತು. ಆದರೆ ಊರಿನವರ ಮುಂದೆ ಮಿಲ್ಟ್ರಿ ಬಸಪ್ಪನಿಗೆ ಒಂದು ಗತ್ತಿತ್ತು ನೋಡಿ.

"ಸಾಕು ಕವ್ವ. ಎದ್ರಬ್ಯಾಡ. ನಾನಿಲ್ವಾ ಅಲ್ಲಿ?"

ಅವಳು ಆಗ ಕಾಫಿ ಕುಡಿದಳು. ನಂಬಿದಳು ಎಂದಲ್ಲವೇ ಅದರ ಅರ್ಥ?

ರಜೆ ಮುಗಿಸಿ ಹೋದವನು ಡಬ್ಬವನ್ನು ಮಂಚದ ಕೆಳಗಿಂದ ತೆಗೆದೆ. ಸುಬೇದಾರರ ಕಣ್ಣು ತಪ್ಪಿಸಿ, ಬಿಡುವು ಸಿಕ್ಕಾಗೆಲ್ಲ ಮಾದೇಶನ ಹಿಂದೆ ಹೋಗಿ ಬಡಿದೆ. ಮೂರು ಹೆಜ್ಜೆ ಎರಡಾಯಿತು. ಒಮ್ಮೊಮ್ಮೆ ಒಂದೇ ಆಯಿತು, ಮತ್ತೆ ಮೂರಾಯಿತು. ಇನ್ನೆರಡು ತಿಂಗಳು ಸಿಕ್ಕಿದ್ದರೆ ಅವನೂ ಬೇಳೆಯ ಮೇಲೆ ಬೀಳುತ್ತಿದ್ದ. ಸಿಗಲಿಲ್ಲ.

ಕೊನೆಯ ಪರೀಕ್ಷೆಯಲ್ಲಿ ಹುಡುಗರು ಹೊರೆ ಹೊತ್ತು ಸಾಗುವ ದಾರಿಯಲ್ಲಿ ಹೇಳದೆ ಕೇಳದೆ ಸದ್ದು ಸಿಡಿಸುತ್ತೇವೆ. ಮಾದೇಶ ಎರಡು ಹೆಜ್ಜೆ ಓಡಿ ಬಿದ್ದ. ಫಲಿತಾಂಶ ಬರೆಯುವ ಕಾಗದ ನನ್ನ ಕೈಯಲ್ಲಿತ್ತು. 'ಇನ್ನೂ ಕಲಿತಿಲ್ಲ' ಎಂದು ಬರೆದರೆ ಅವನು ತನ್ನ ಹಿಂದೆ ಬರುವ ತಂಡಕ್ಕೆ ಹೋಗುತ್ತಾನೆ, ಮತ್ತಷ್ಟು ತಿಂಗಳು ಕಲಿಯುತ್ತಾನೆ, ಅಷ್ಟೇ. ಆದರೆ ಹುಡುಗರಿಗೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಸಂಜೆ ಅವನು ನನ್ನ ಕೋಣೆಯ ಬಾಗಿಲಲ್ಲಿ ನಿಂತ.

"ದೊಡ್ಡಪ್ಪ, ನನ್ನ ಇಂದಕ್ಕ ಆಕ್ಬ್ಯಾಡ. ಪರೇಡ್ ನೋಡಕ ಬತ್ತೀನಿ ಅಂತ ಅವ್ವ ಊರೋರ್ಗೆಲ್ಲ ಏಳ್ಬುಟ್ಟವ್ಳ. ಫೇಲಾಗ್ಬುಟ್ಟ ಅಂದ್ರ ಎಂಗ್ ಮೊಕ ತೋರ್ಸ್ಲಿ?"

"ಇದು ಫೇಲ್ ಅಲ್ಲ ಕಣ್ಲಾ. ಇನ್ನೊಂದಷ್ಟು ದಿನ ಕಲಿ ಅಂತ."

"ಊರೋರ್ಗ ಅದು ಗೊತ್ತಾಯ್ತದಾ?"

ಗೊತ್ತಾಗುವುದಿಲ್ಲ. ಅದೇ ಸೀಮೆಯವನಲ್ಲವೇ ನಾನು, ನನಗೆ ಗೊತ್ತಿತ್ತು. ಸುಬೇದಾರ್ ಸಾಹೇಬರನ್ನು ಕೇಳಿದೆ. ಅವರೇನೂ ಕೆಟ್ಟವರಲ್ಲ, ಅವರ ಮಗನೂ ಸೇನೆಯಲ್ಲೇ ಇದ್ದ. "ಇಂಥ ಒಳ್ಳೆಯ ಹುಡುಗನನ್ನು ಎರಡು ಹೆಜ್ಜೆಗೆ ತಡೆಯುತ್ತೀಯಾ? ಉಳಿದದ್ದನ್ನು ಯೂನಿಟ್ಟಿನವರು ಕಲಿಸುತ್ತಾರೆ" ಎಂದರು. ಯೂನಿಟ್ಟಿನವರನ್ನು ಕೇಳಿದರೆ ತರಬೇತಿ ಕೇಂದ್ರದವರು ಕಲಿಸಿಯೇ ಕಳಿಸಿರುತ್ತಾರೆ ಎನ್ನುತ್ತಾರೆ. ಎರಡೂ ಕಡೆ ಕೆಲಸ ಮಾಡಿದ ನನಗೆ ಇದು ಗೊತ್ತಿಲ್ಲದ್ದೇನಲ್ಲ. ಆದರೂ ಕಾಗದದ ಮೇಲೆ 'ಕಲಿತಿದ್ದಾನೆ' ಎಂದು ಬರೆದು ಸಹಿ ಹಾಕಿದೆ. ನಮ್ಮ ಹುಡುಗ ಎಂಬ ಮಮತೆಯಿಂದ ಹಾಕಿದೆ. ಬೇರೆ ಊರಿನವನಾಗಿದ್ದರೆ ಖಂಡಿತ ಹಿಂದಕ್ಕೆ ಹಾಕುತ್ತಿದ್ದೆ.

ತರಬೇತಿ ಮುಗಿದ ದಿನದ ಪರೇಡಿಗೆ ದುಂಡಮ್ಮ ಬಂದಳು. ಹೊಸ ಸೀರೆ ಉಟ್ಟಿದ್ದಳು. ನನ್ನ ಕೈ ಹಿಡಿದುಕೊಂಡು ಅತ್ತಳು.

ಮುಂದಿನ ವರ್ಷ ನಾನು ನಿವೃತ್ತನಾಗಿ ಬಂದೆ. ಮಾದೇಶನನ್ನು ಉತ್ತರದ ಗಡಿಗೆ ಹಾಕಿದ್ದರು. ಗಡಿಯಾಚೆಯಿಂದ ಶೆಲ್ ಬೀಳುತ್ತಿವೆ ಎಂದು ಟೀವಿಯಲ್ಲಿ ಬರತೊಡಗಿದ ಆ ದಿನಗಳಲ್ಲಿ, ಮಗನನ್ನು ಸೇನೆಗೆ ಕಳಿಸಿದ ಈ ಸುತ್ತಿನ ಮನೆಗಳಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ದುಂಡಮ್ಮ ಎರಡು ಸಲ ಫೋನ್ ಮಾಡಿ, "ಏನಾಗಲ್ಲ ಅಲ್ವಣ್ಣ?" ಎಂದಳು. ಏನಾಗುವುದಿಲ್ಲ ಎಂದೆ. ಮೂರನೆಯ ಸಲ ಫೋನ್ ಬಂದಾಗ ಮಾತಾಡಿದ್ದು ಅವಳ ಗಂಡ.

ಮಾದೇಶನ ಪೆಟ್ಟಿಗೆ ಸತ್ಯಮಂಗಲದಿಂದ ದಿಂಬಂ ಘಾಟಿಯ ತಿರುವುಗಳನ್ನು ಹತ್ತಿ ಬಂತು. ಅದರ ಜೊತೆ ಅವನ ಯೂನಿಟ್ಟಿನ ಒಬ್ಬ ಹುಡುಗ ಬಂದಿದ್ದ, ಹಿಂದಿ ಮಾತಾಡುವವನು. ಅವನಿಗೂ ಮಾದೇಶನಷ್ಟೇ ವಯಸ್ಸು. ಎಲ್ಲ ಮುಗಿದ ಮೇಲೆ ಅವನನ್ನು ಪಕ್ಕಕ್ಕೆ ಕರೆದು ಏನಾಯಿತೆಂದು ಕೇಳಿದೆ.

"ಶೆಲ್ ದೂರ ಬಿತ್ತು ಉಸ್ತಾದ್. ನಾವೆಲ್ಲ ಬಿದ್ದೆವು. ಅವನು ಎದ್ದು ಓಡಿದ. ಬಂಕರಿನ ಕಡೆಗಲ್ಲ, ಅಡ್ಡಕ್ಕೆ, ಬಯಲಿಗೆ. ಏನೋ ಅಟ್ಟಿಸಿಕೊಂಡು ಬಂದ ಹಾಗೆ. ಎರಡನೆಯ ಶೆಲ್ ಆ ಬಯಲಲ್ಲೇ ಬಿತ್ತು, ಚೂರು ನಿಂತಿದ್ದ ಅವನಿಗೇ ತಾಗಿತು."

"ಎಷ್ಟು ಹೆಜ್ಜೆ ಓಡಿದ?"

ಹುಡುಗ ನನ್ನನ್ನು ವಿಚಿತ್ರವಾಗಿ ನೋಡಿದ. "ಎರಡೋ ಮೂರೋ. ಯಾಕೆ?"

ಯಾಕೆಂದು ಅವನಿಗೆ ಹೇಳಲಿಲ್ಲ. ಯಾರಿಗೂ ಹೇಳಲಿಲ್ಲ. ಜನ ನನ್ನನ್ನು ಕಂಡಾಗಲೆಲ್ಲ, "ನಿಮ್ ಕೈಯಲ್ ಕಲ್ತ ಉಡ್ಗ" ಎಂದು ಮರುಗುತ್ತಿದ್ದರು. ನಾನು ತಲೆಯಾಡಿಸುತ್ತಿದ್ದೆ. ಆ ತಿಂಗಳುಗಳಲ್ಲಿ ನನ್ನನ್ನು ಕಂಡರೆ ನನಗೇ ಅಸಹ್ಯವಾಗುತ್ತಿತ್ತು.

ಆರೇಳು ತಿಂಗಳ ನಂತರ ಒಂದು ಮಧ್ಯಾಹ್ನ ಮೂವರು ಹೆಂಗಸರು ನಮ್ಮ ಮನೆಗೆ ಬಂದರು. ಮೂವರ ಮಕ್ಕಳೂ ಸೇನೆಯಲ್ಲಿದ್ದರು. ಅವರ ಜೊತೆ ದುಂಡಮ್ಮನೂ ಇದ್ದಳು. ಅವರಿಗೆ ಒಂದು ಮನು ಬರೆಸಬೇಕಿತ್ತು. ಅರ್ಜಿಗೆ ನಮ್ಮ ಕಡೆ ತಮಿಳಿನವರ ಹಾಗೆ ಮನು ಎನ್ನುವುದೇ ರೂಢಿ. ನಮ್ಮ ಮಕ್ಕಳನ್ನು ಪೂರ್ತಿ ಕಲಿಸದೆ ಮುಂದಕ್ಕೆ ಕಳಿಸಬೇಡಿ ಎಂದು ತಾಲೂಕು ಆಫೀಸಿನ ಮೂಲಕ ಮೇಲಿನವರಿಗೆ ತಿಳಿಸುವುದು ಅವರ ಆಸೆ. ನಾನು ಕಾಗದ ತೆಗೆದುಕೊಂಡು ತಮಿಳಿನಲ್ಲಿ ಬರೆಯತೊಡಗಿದೆ. ನಾಲ್ಕು ಸಾಲು ಸಲೀಸಾಗಿ ಬಂತು. ಆಮೇಲೆ ಕಾರಣ ಬರೆಯಬೇಕಾಯಿತು.

"ಪೂರ್ತಿ ಕಲ್ತಿಲ್ಲ ಅಂತ ಎಂಗ್ ಗೊತ್ತು ಅಂತ ಕೇಳಿದ್ರ?" ಎಂದಳು ಒಬ್ಬಳು.

ಪೆನ್ನು ಕೆಳಗಿಟ್ಟೆ. ದುಂಡಮ್ಮನ ಮುಖ ನೋಡಿಕೊಂಡೇ ಎಲ್ಲ ಹೇಳಿದೆ. ಕಡಾಯಿಯ ಸದ್ದು, ಮೂರು ಹೆಜ್ಜೆ, ಅವರೆಕಾಯಿ ತಂದ ದಿನ ನಾನು ಹೇಳಿದ ಸುಳ್ಳು, ನನ್ನ ಸಹಿ. ಹುಡುಗ ನನ್ನನ್ನು ಬೇಡಿಕೊಂಡ ಮಾತನ್ನು ಮಾತ್ರ ಹೇಳಲಿಲ್ಲ. ಅದು ಅವನದು, ನನ್ನ ತಪ್ಪನ್ನು ಹಗುರ ಮಾಡಿಕೊಳ್ಳಲು ಬಳಸುವಂಥದ್ದಲ್ಲ. ಈಗ ಇಲ್ಲಿ ಬರೆದದ್ದು, ಮೈದಾನದ ಹುಡುಗರು ಅಂಥ ಮಾತು ಆಡದಿರಲಿ ಎಂದು.

ದುಂಡಮ್ಮ ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಅವಳು ನೆಲ ನೋಡುತ್ತ ಮೆಲ್ಲಗೆ ಹೇಳಿದಳು.

"ಪರೇಡ್ ಆದ್ಮೇಲ ರಜಕ್ಕ ಬಂದಿದ್ನಲ್ಲ. ಒಂದಿನ ಜ್ವಾಳದ ಒಲದಲ್ಲಿದ್ದೊ. ಪಕ್ಕದೋರು ಪಟಾಕಿ ಒಡುದ್ರು. ನನ್ ಮಗ ಕೈಲಿದ್ದ ಕುಡ್ಲು ಬುಟ್ಟು ಅಡ್ಡಕ್ಕ ಓಡ್ದ. ನಂಗ ಎಷ್ಟು ಸಂತೋಸ ಆಯ್ತು ಗೊತ್ತಾ ಅಣ್ಣ? ಮಿಲ್ಟ್ರಿಗ ಓದ್ರೂ ನಮ್ಮ ಬುದ್ಧಿ ಮರ್ತಿಲ್ಲ ಅಂದ್ಕಂಡು, ನಾನೇ ಅವನ ಬೆನ್ನು ತಟ್ದಿ."

ನನ್ನ ಹೆಂಡತಿ ಒಳಗೆ ಹೋಗಿಬಿಟ್ಟಳು.

"ಬರಿ ಅಣ್ಣ" ಎಂದಳು ದುಂಡಮ್ಮ. "ನೀನು ಏಳಿದ್ದೆಲ್ಲಾನೂ ಬರಿ. ನಿನ್ ಎಸ್ರೂ ಬರಿ."

ಬರೆದೆ. ಹೆಸರನ್ನೂ ಬರೆದೆ. ಮನು ಕೊಟ್ಟು ಬಂದೆವು. ಅದು ಹೋಗಬೇಕಾದಲ್ಲಿಗೆ ಹೋಗಿ ಏನಾದರೂ ಆಗುವುದಕ್ಕೆ ಎಷ್ಟು ಕಾಲ ಹಿಡಿಯುತ್ತದೋ ನನಗೆ ತಿಳಿಯದು. ಅಷ್ಟರಲ್ಲಿ ಸುಮ್ಮನಿರಲಾಗದೆ ಮೈದಾನಕ್ಕೆ ಒಂದು ಖಾಲಿ ಎಣ್ಣೆ ಡಬ್ಬ ತೆಗೆದುಕೊಂಡು ಹೋದೆ.

ಹುಡುಗರ ಮನೆಯವರು ಮೊದಲು ಜಗಳಕ್ಕೆ ಬಂದರು. "ನೀನು ಬೀಳೋದ್ನ ಕಲ್ಸ್ಬುಡ್ತೀಯ. ನಾಳ ಒಲದಲ್ಲಿ ಆನ ಮುಂದ ಬಿದ್ಕಂಡ್ರ ಏನಪ್ಪ ಮಾಡದು?" ಎಂದ ಒಬ್ಬ ತಂದೆ. ಅವನ ಮಾತು ಸುಳ್ಳಲ್ಲ. ಸೇನೆಗೆ ಸೇರುವವರೆಗೆ ಈ ಹುಡುಗರು ಹೊಲ ಕಾಯಲೇಬೇಕು, ಆನೆಗಳೂ ಎಲ್ಲಿಗೂ ಹೋಗಿಲ್ಲ. ಇಲ್ಲಿ ಓಡಬೇಕು, ಅಲ್ಲಿ ಬೀಳಬೇಕು. ಎರಡನ್ನೂ ಬೇರೆ ಬೇರೆಯಾಗಿ ಕಾಲಿಗೆ ತಿಳಿಸಬೇಕಾದರೆ ಬಹಳ ದಿನ ಬೇಕು. ನಮಗೆ ದಿನ ಬೇಕು ಎಂದು ನಾವು ಕೇಳುತ್ತಿರುವುದೂ ಅದಕ್ಕೇ ಎಂದೆ. ಅವನು ಒಪ್ಪಿದನೋ ಇಲ್ಲವೋ, ಮಗನನ್ನು ಮಾತ್ರ ಕಳಿಸುತ್ತಿದ್ದಾನೆ.

ಡಬ್ಬ ಬಡಿಯುವುದರಲ್ಲಿ ನನಗೊಂದು ತೊಂದರೆ ಇದೆ. ನನ್ನ ಭುಜ ಕದಲಿದ್ದೇ ಹುಡುಗರಿಗೆ ಗೊತ್ತಾಗಿಬಿಡುತ್ತದೆ, ಸದ್ದಿಗೆ ಮೊದಲೇ ಬೀಳುತ್ತಾರೆ, ಕಳ್ಳರು. ಒಂದು ಬೆಳಿಗ್ಗೆ ಗೆಟ್ಟವಾಡಿಯ ಮೊದಲ ಬಸ್ಸಿನಲ್ಲಿ ದುಂಡಮ್ಮ ಬಂದಳು. ನಡೆಯುತ್ತಿದ್ದುದನ್ನು ಸ್ವಲ್ಪ ಹೊತ್ತು ನೋಡಿದಳು. "ಕೊಡಿಲ್ಲಿ" ಎಂದು ಡಬ್ಬ, ಕೋಲು ಇಸಿದುಕೊಂಡು ಹೋಗಿ ಹುಣಸೆಮರದ ಹಿಂದೆ ಕೂತಳು. ಈಗ ವಾರಕ್ಕೆ ಮೂರು ದಿನ ಬರುತ್ತಾಳೆ. ಸೆರಗಿನ ಮರೆಯಲ್ಲಿ ಅವಳ ಕೈ ಯಾವಾಗ ಏಳುತ್ತದೆ ಎಂಬುದು ನನಗೂ ತಿಳಿಯುವುದಿಲ್ಲ. ಮೊದಲ ದಿನ ಅವಳು ಬಡಿದಾಗ ಹದಿಮೂರರಲ್ಲಿ ಹನ್ನೊಂದು ಜನ ಅಡ್ಡಕ್ಕೆ ಓಡಿದರು, ಯಾರು ಎಷ್ಟು ಹೆಜ್ಜೆ ಎಂದು ನಾನು ಪುಸ್ತಕದಲ್ಲಿ ಬರೆದುಕೊಂಡೆ. ಅವಳು ಅವರ ಕಾಲುಗಳನ್ನೇ ನೋಡುತ್ತಿದ್ದಳು.

ಮೊನ್ನೆ ತಿಗನಾರೆಯ ಹುಡುಗನೊಬ್ಬ ಬಂದು ನಿಂತ. ಓಟದಲ್ಲಿ ಎಲ್ಲರಿಗಿಂತ ಮುಂದಿರುವವನು, ಭರ್ತಿ ಹತ್ತಿರ ಬಂದಿದೆ ಎಂಬ ಆತುರದಲ್ಲಿದ್ದ. ಇದೆಲ್ಲ ಆಯಿತು, ನನ್ನನ್ನು ಬಿಟ್ಟುಬಿಡಿ, ಓಟ ಮಾತ್ರ ಮಾಡುತ್ತೇನೆ ಎಂದ. ಅವನು ಮಾತು ಮುಗಿಸುವುದರೊಳಗೆ ಮರದ ಹಿಂದೆ ಡಬ್ಬದ ಸದ್ದು ಸಿಡಿಯಿತು. ಅವನು ಒಂದೇ ಹೆಜ್ಜೆ ಓಡಿ ಬಿದ್ದ. ಮೊದಲಿಗಿಂತ ಎಷ್ಟೋ ವಾಸಿ. ನಾನು ಶಭಾಷ್ ಎನ್ನಲು ಬಾಯಿ ತೆರೆದೆ.

ದುಂಡಮ್ಮ ಮರದ ಹಿಂದಿನಿಂದ ಎದ್ದು ಬಂದು, ಅವನ ಮೈಗೆ ಹತ್ತಿದ ಮಣ್ಣನ್ನು ಕೈಯಿಂದ ಕೊಡವಿದಳು. ಆಮೇಲೆ ನನ್ನ ಕೈಯಲ್ಲಿದ್ದ ಪುಸ್ತಕದ ಕಡೆ ನೋಡಿದಳು.

"ಇನ್ನೂ ಕಲ್ತಿಲ್ಲ ಅಂತ ಬರ್ಕೊ ಅಣ್ಣ" ಎಂದಳು.

ಬರೆದುಕೊಂಡೆ.